ಬಲಗಡೆಯ ಎಸಳು

ದೇವಿಯ ಪಟದ ಗಾಜಿಗೆ ಎಡಕ್ಕೊಂದು ಬಲಕ್ಕೊಂದು ಅಂಟಿಸಿದ್ದ ದಾಸವಾಳದ ಎಸಳುಗಳನ್ನೇ ಚೂಡಾಮಣಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಇಂಜಿನಿಯರಿಂಗ್ ಕಾಲೇಜಿನ ಪ್ರವೇಶ ಪರೀಕ್ಷೆಯೂ ಮೆಡಿಕಲ್ ಕಾಲೇಜಿನದೂ ಒಂದೇ ಭಾನುವಾರ ಬಿದ್ದಿದ್ದವು. ಅವಳಿಗೆ ಸೇತುವೆ ಕಟ್ಟುವ ಆಸೆ. ಅಜ್ಜಿಗೆ ಮೊಮ್ಮಗಳು ಡಾಕ್ಟರಾಗಬೇಕು. ಜಯನಗರದ ಆ ಹೊಸ ಮನೆಯಲ್ಲಿ ವಾರದಿಂದ ಇದೇ ಜಗಳ. ಅಪ್ಪ ರಾಮಪ್ರಸಾದರು ಮಾತ್ರ ತಮ್ಮ ತಾಯಿಯ ಎದುರು ತುಟಿ ಬಿಚ್ಚಿರಲಿಲ್ಲ.

"ಹೂ ಕೇಳೇ ಬಿಡೋಣ," ಎಂದಿದ್ದರು ಅಜ್ಜಿ. "ಬಲಗಡೇದು ಬಿದ್ರೆ ನಿನ್ನಿಷ್ಟ, ಎಡಗಡೇದು ಬಿದ್ರೆ ನನ್ನಿಷ್ಟ. ಆಮೇಲೆ ಯಾರೂ ಸೊಲ್ಲೆತ್ತಬಾರ್ದು." ಎಸಳುಗಳನ್ನು ನೀರಿಗೆ ಅದ್ದಿ ಅಂಟಿಸಿದವರು ಪೂಜೆಗೆ ಕೂತಿದ್ದ ಅಪ್ಪ.

ಮಂಗಳಾರತಿ ಮುಗಿಯುವ ಮೊದಲೇ ಬಲಗಡೆಯ ಎಸಳು ಉದುರಿತು. ಅಜ್ಜಿ ಗಲ್ಲ ಗಲ್ಲ ಬಡಿದುಕೊಂಡರು. "ತಾಯಿ ಹೇಳಿದ್ಮೇಲೆ ಇನ್ನೇನಿದೆ? ಹೋಗು, ಸೇತುವೆನೇ ಕಟ್ಟು!"

ಚೂಡಾಮಣಿ ಎಸಳನ್ನೆತ್ತಿ ಕಣ್ಣಿಗೊತ್ತಿಕೊಂಡಳು. ಒರೆಸಿದ ಹಾಗೆ ಅದರಲ್ಲಿ ನೀರಿನ ಪಸೆ ಇದ್ದೂ ಇಲ್ಲದಂತಿತ್ತು. ಎಡಗಡೆಯದು ಮಾತ್ರ ಹನಿ ಜಿನುಗಿಸುತ್ತ ಗಾಜಿಗೆ ಮೆತ್ತಿಕೊಂಡೇ ಇತ್ತು. ಅವಳು ತಲೆಯೆತ್ತಿದಳು. ಅಪ್ಪ ಶಲ್ಯದ ಒದ್ದೆ ತುದಿಯನ್ನು ಮೆಲ್ಲಗೆ ಕಂಕುಳಡಿಗೆ ಸೇರಿಸಿಕೊಂಡು, ಗಂಟೆಯನ್ನು ಇನ್ನಷ್ಟು ಜೋರಾಗಿ ಬಾರಿಸತೊಡಗಿದರು.