ಮಾಸ್ತರರ ಮಾಳಿಗೆ

ಮನ್ಮಥಪ್ಪ ತನ್ನ ದನದ ಕೊಟ್ಟಿಗೆಯ ಬಾಗಿಲನ್ನು ಹಾಡಹಗಲೇ ಕಿತ್ತು, ತಲೆಯ ಮೇಲೆ ಹೊತ್ತು, ಊರ ನಡುವಿನಿಂದಲೇ ಹೊರಟ. ಹಿತ್ತಾಳೆ ಗುಂಡಿಗಳ ಬಾಗಿಲು. ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು.

"ಎಲ್ಲಿಗಿ ಹೊಂಟಿ?" ಕಟ್ಟೆಯ ಮೇಲಿಂದ ಹಾವಗೆಪ್ಪ ಕೇಳಿದ.

"ಮಾಸ್ತರ ಮನಿಗಿ."

ಇಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಜೋಳಕ್ಕೆ ನುಗ್ಗಿದ ಮನ್ಮಥಪ್ಪನ ಕೋಣವನ್ನು ಹಾವಗೆಪ್ಪ ಭಾಲ್ಕಿಯ ಕೊಂಡವಾಡಕ್ಕೆ, ಅಂದರೆ ದನಗಳ ಜೈಲಿಗೆ, ಹೊಡೆದು ಬಂದಿದ್ದ. ಅಂಥ ಸಿಟ್ಟು ಮುರಿದು ಬಾಯಿ ಬಿಟ್ಟನೆಂದರೆ ವಿಷಯ ಸಣ್ಣದಲ್ಲ.

ಊರ ಲೆಕ್ಕ ಬರೆಯುವ ಪಟವಾರಿಯನ್ನು ಬಿಟ್ಟರೆ, ನಿಜಾಮೋದ್ದೀನ ಮಾಸ್ತರರು ಆ ಊರಿನಲ್ಲಿ ಓದು ಬಲ್ಲ ಒಬ್ಬರೇ ಮನುಷ್ಯ. ನೋಟೀಸು ಬರಲಿ, ಬೀಗರ ಪತ್ರ ಬರಲಿ, ಅವರೇ ಓದಿ ಹೇಳಬೇಕು. ನಿಜಾಮನನ್ನು ಇಳಿಸಲು ದಿಲ್ಲಿಯ ದಂಡು ಬಂದು ಪೊಲೀಸ್ ಆಕ್ಷನ್ ಆದ ವಾರ ಹೆಂಡತಿ ಕುಬರಾಳನ್ನು ಕರೆದುಕೊಂಡು, ಮನೆಗೆ ಬೀಗ ಹಾಕಿ, ಉಟ್ಟ ಬಟ್ಟೆಯಲ್ಲೇ ಬೀದರಿಗೆ ಹೋದರು. ಮೂರನೆಯ ದಿನ ಬೀಗ ಅಂಗಳದಲ್ಲಿ ಬಿದ್ದಿತ್ತು, ಬಾಗಿಲಿರಲಿಲ್ಲ. ಹದಿನೈದನೆಯ ದಿನ, ಮೇಲೆ ಮುಚ್ಚಿದ್ದ ಮಣ್ಣಿನ ಮಾಳಿಗೆಯೂ ತೊಲೆ ಸಮೇತ ಇರಲಿಲ್ಲ. ಊರಲ್ಲಿ ಯಾರೂ ಏನೂ ಒಯ್ದಿರಲಿಲ್ಲ. ಕೇಳಿದವರಿಗೆಲ್ಲ ಹಾಗೇ ಹೇಳಿದರು.

ಈಗ ಎಂಟು ತಿಂಗಳಾಗಿ, ಮೇ ತಿಂಗಳ ಬೆಂಕಿಬಿಸಿಲು. ಮಾಸ್ತರರ ಮನೆ ಊರಿಂದ ಕಾಲು ಹರದಾರಿ ದೂರ, ಔರಾದದ ಬಂಡಿದಾರಿಯಲ್ಲಿ ಒಂಟಿ. ಬಾವಿ ಇಲ್ಲ. ನೆರಳಿಗೆ ಒಂದೇ ಬೇವಿನ ಮರ. ಗೋಡೆ ಮಣ್ಣಿನವು, ಮಿರಗ, ಅಂದರೆ ಮೃಗಶಿರಾ ಮಳೆ, ಬರುವುದರೊಳಗೆ ಮಾಳಿಗೆ ಮುಚ್ಚದಿದ್ದರೆ ಕರಗಿ ದಿಬ್ಬವಾಗುತ್ತವೆ. ಆಮೇಲೆ ಅದು ಯಾರ ಮನೆಯೂ ಅಲ್ಲ. ಇಪ್ಪತ್ತೈದು ದಿನ ಉಳಿದಿತ್ತು.

ಮನ್ಮಥಪ್ಪ ಒಬ್ಬನೇ ದುಡಿದ. ಹಳ್ಳದಿಂದ ಕಾವಡಿಯಲ್ಲಿ ನೀರು ತಂದ. ಮಣ್ಣಿಗೆ ಹೊಟ್ಟು ಬೆರೆಸಿ ತುಳಿದ. ಕೆಸರು ಕಾಲಿನ ಮೇಲೆಯೇ ಒಣಗುತ್ತಿತ್ತು. ಸಂಜೆ ಮೊಣಕಾಲು ತಟ್ಟಿದರೆ ಗಡಿಗೆಯ ಸದ್ದು.

ಹೆಂಡತಿ ಈರಮ್ಮ ಬುತ್ತಿ ಇಟ್ಟು ಹೇಳಿದಳು: "ಕೊಟ್ಟಿಗಿಗಿ ಬಾಗ್ಲಿಲ್ಲ. ನಿನ್ನಿ ನಾಯಿ ಬಂದು ಎಮ್ಮಿ ಬಾಜೂಕ ಮಲ್ಕೊಂಡಿತ್ತು."

"ಮಲ್ಕೊಳ್ಲಿ ಬಿಡು. ಎಮ್ಮೀಗರೆ ಜೋಡಿ ಆಯ್ತು."

ಅವಳು ನಗಲಿಲ್ಲ. ಮರುದಿನ ಮಾತ್ರ ಎರಡು ರೊಟ್ಟಿ ಹೆಚ್ಚು ತಂದಳು.

ಗೋಡೆ ಮುಗಿದವು. ತೊಲೆ ಎಲ್ಲಿಂದ ತರಬೇಕು? ಅವನು ಒಂದು ದಿನ ಭಾಲ್ಕಿಗೆ ನಡೆದು, ರೈಲು ಹತ್ತಿ, ಬೀದರಿಗೆ ಹೋಗಿ ಬಂದ. ಕಚೇರಿಗೇ ಹೋಗಿದ್ದ ಅಂತ ಊರು ತೀರ್ಮಾನ ಮಾಡಿತು. ಹಾವಗೆಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ.

"ಮಂದಿ ಮನಿ ನುಂಗ್ಲಕತ್ತಿ ಅಲ್ಲ, ನಿನಗ ಹಕ್ಕ ಕೊಟ್ಟಾವ್ರ ಯಾರು?"

ಮನ್ಮಥಪ್ಪ ರುಮಾಲು ಬಿಚ್ಚಿ ಒಂದು ಕಾಗದ ತೆಗೆದ. ಉರ್ದು ಬರಹ. ಕೆಳಗೆ ದುಂಡನೆಯ ಮೊಹರು.

"ಸರ್ಕಾರ."

"ಏನಂತ ಬರ್ದದ?"

"ಓದ್ಕೋ."

ಹಾವಗೆಪ್ಪ ಕಾಗದ ನೋಡಿದ. ತಿರುಗಿಸಿ ನೋಡಿದ. ಉಳಿದವರೂ ನೋಡಿ, ಮೊಹರು ಭಾರೀ ಅದೆ ಎಂದರು. ಪಟವಾರಿ ಇದ್ದಿದ್ದರೆ ಓದುತ್ತಿದ್ದ. ಅವನು ಆಕ್ಷನ್ ಆದಂದು ಜ್ವರವೆಂದು ಮಾವನ ಮನೆಯಲ್ಲಿ ಮಲಗಿದವನು ಇನ್ನೂ ಎದ್ದಿರಲಿಲ್ಲ.

"ಮನಿ ನನ್ನ ತಾಬಾಕ್ಕ, ನನ್ನ ಕೈಗಿ ಬಂದದ," ಮನ್ಮಥಪ್ಪ ಕಾಗದ ಮಡಚುತ್ತ ಅಂದ. "ಮಿರಗದ ದಿನ ಸಾಹೇಬ ಬಂದು ಸಾಮಾನ ನೋಡ್ತಾನ. ಹನ್ನೊಂದು ತೊಲಿ, ಎರಡು ಕಿಡಕಿ, ಒಂದು ಬೀಸೂಕಲ್ಲ, ಒಂದು ತಾಮ್ರದ ಹಂಡೆ. ಯಾರ ಮನ್ಯಾಗ ಸಿಗ್ತಾವ ಅವರು ಜೈಲಿಗಿ. ನಂಗೇನು, ಹೇಳಿದೆ."

"ಅದರಾಗ ಯಾರ್ದರೆ ಹೆಸರ ಅದೇನು?" ಹಿಂದಿದ್ದ ಶಿವರಾಜಪ್ಪ ತುಸು ಬೇಗನೇ ಕೇಳಿದ.

"ಅದ. ಒಂದು." ಮನ್ಮಥಪ್ಪ ಹಾವಗೆಪ್ಪನ ಮುಖ ನೋಡಿದ.

ಹಾವಗೆಪ್ಪ ಬೆವರು ಒರೆಸಿಕೊಂಡ. ಬಿಸಿಲೂ ಹಾಗೇ ಇತ್ತು.

ಮರುದಿನ ಬೆಳಿಗ್ಗೆ ಬೇವಿನ ಮರಕ್ಕೆ ಎರಡು ತೊಲೆ ಒರಗಿದ್ದವು. ಮಧ್ಯಾಹ್ನ ಶಿವರಾಜಪ್ಪ ಕಿಟಕಿ ಹೊತ್ತು ತಂದ. "ಗೆದ್ದಲಿ ಹತ್ತೀತಂತ ಜತನ ಮಾಡಿದ್ದೆ ನೋಡಪಾ."

"ನಿನಗ ಪುಣ್ಯಾ ಬರ್ಲಿ."

ವಿಮಲಾಬಾಯಿ ಬೀಸುಕಲ್ಲು ತಂದಳು. ಹಾದಿಯಲ್ಲಿ ಬಿದ್ದಿತ್ತಂತೆ. ಕೊನೆಗೆ ಹಾವಗೆಪ್ಪನ ಬಂಡಿಯೇ ಬಂತು, ಆರು ತೊಲೆ ಹೇರಿಕೊಂಡು. ಅವನೇ ಇಳಿಸಿದ, ಗೋಡೆಗೆ ಏರಿಸಲು ಹೆಗಲೂ ಕೊಟ್ಟ. ಮನ್ಮಥಪ್ಪ ಹನ್ನೊಂದು ತೊಲೆ ಕೇಳಿದ್ದ, ಹನ್ನೆರಡು ಬಂದವು. ಒಂದು ಹಂಡೆ ಕೇಳಿದ್ದ, ಎರಡು ಬಂದವು.

ಜಂತಿ ಹಾಸಿ, ಬೇವಿನ ಸೊಪ್ಪು ಹರಡಿ, ಮೇಲೆ ನೀರು ಇಳಿಯಗೊಡದ ಸವಳು ಮಣ್ಣು ಬಡಿದ. ಮಾಳಿಗೆ ಮುಚ್ಚಿದಾಗ ಎರಡು ದಿನ ಮಿಕ್ಕಿತ್ತು.

ಮಿರಗದ ದಿನ ಬಂಡಿಯೊಂದು ಬಂತು. ಊರು ಕೈಕಟ್ಟಿ ಸಾಲಾಗಿ ನಿಂತಿತು. ಇಳಿದವರು ಸಾಹೇಬರಲ್ಲ, ಮನ್ಮಥಪ್ಪ ಅಂದು ಬೀದರಿನಲ್ಲಿ ಕಂಡು ಕರೆದು ಬಂದಿದ್ದ ನಿಜಾಮೋದ್ದೀನ ಮಾಸ್ತರರು. ಹಿಂದೆ ಕುಬರಾ. ಮಾಸ್ತರರು ಮಾಳಿಗೆ ನೋಡಿದರು. ಬಾಗಿಲ ಗುಂಡಿಗಳನ್ನು ಒಂದೊಂದೇ ಮುಟ್ಟಿದರು.

"ಇದು ನಮ್ದೇ ಬಾಗ್ಲ. ಎಲ್ಲಿ ಸಿಕ್ತು?"

"ನನ್ನ ಕೊಟ್ಟಿಗ್ಯಾಗರಿ." ಮನ್ಮಥಪ್ಪ ನೆಲ ನೋಡಿದ. "ಎಲ್ಲಾರ್ಕಿಂತ ಮೊದಲ ಒಯ್ದಾಂವ ನಾನೇರಿ."

ಕುಬರಾ ಸೆರಗಿನಿಂದ ಹಳೆಯ ಕೀಲಿಕೈ ಬಿಚ್ಚಿದಳು.

"ಮನಿ ಈಗ ಇವಂದರಿ, ಮಾಸ್ತರ!" ಹಾವಗೆಪ್ಪ ಮುಂದೆ ನುಗ್ಗಿದ. "ರುಮಾಲದಾಗ ಸರ್ಕಾರಿ ಕಾಗದ ಇಟ್ಕೊಂಡಾನ. ಓದಿ ಹೇಳ್ರಿ, ಅದರಾಗ ಯಾರ ಹೆಸರದ!"

ಮನ್ಮಥಪ್ಪ ಕಾಗದ ಕೊಟ್ಟ. ಮಾಸ್ತರರು ಚಷ್ಮಾ ಏರಿಸಿಕೊಂಡರು. ಎಂಟು ತಿಂಗಳ ಮೇಲೆ ಊರು ಮತ್ತೆ ಅವರ ಬಾಯಿ ನೋಡುತ್ತ ನಿಂತಿತು. ಅವರು ಒಮ್ಮೆ ತಮ್ಮಷ್ಟಕ್ಕೆ ಓದಿಕೊಂಡು, ನಗು ನುಂಗಿ, ಎಲ್ಲರಿಗೂ ಕೇಳುವಂತೆ ಓದಿದರು:

"ಭಾಲ್ಕಿ ಕೊಂಡವಾಡ. ಕೋಣ ಒಂದು, ಬಣ್ಣ ಕರಿ, ಬಲಗೊಂಬು ಮುರಿದದ್ದು. ಮಂದಿ ಮಾಲು ತಿಂದ ತಪ್ಪಿಗೆ ಹಾವಗೆಪ್ಪ ಹಿಡಿದು ತಂದದ್ದು. ಮನ್ಮಥಪ್ಪನ ತಾಬಾಕ್ಕೆ ಬಿಡಲಾಗಿದೆ."