ಇನ್ನೊಂದು ಕಪ್ ಟೀ

ಜಪಾನೀ ಸಂಸ್ಕೃತಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದ ತುಳಸಿಗೆ ಅಂದು ಕೊನೆಯ ಮೌಖಿಕ ಪರೀಕ್ಷೆ. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಒಪ್ಪದಿದ್ದರೆ ಅಷ್ಟೂ ವರ್ಷಗಳ ದುಡಿಮೆ ನೀರುಪಾಲು. ಅವರ ಪಕ್ಕದಲ್ಲಿ ವಿಭಾಗದ ಅಧ್ಯಕ್ಷೆ ಕುಳಿತಿದ್ದರು.

"ಏನಮ್ಮಾ, ಕ್ಯೋಟೋ ಜನರ ಅತಿಥಿ ಸತ್ಕಾರ ಅಂತ ದಿಂಬಿನಷ್ಟು ದಪ್ಪ ಬರೆದಿದ್ದೀಯಲ್ಲ, ಆ ಊರಿನ ಬಸ್‌ಸ್ಟ್ಯಾಂಡನ್ನಾದ್ರೂ ನೋಡಿದ್ದೀಯಾ?"

"ಅಲ್ಲೇ ಎರಡು ವರ್ಷ ಇದ್ದೆ ಸರ್. ಮುನ್ನುಡಿಯಲ್ಲಿ ಹೇಳಿದ್ದೀನಿ."

"ನನಗೇ ಎದುರು ಮಾತಾ? ಒಂದೊಂದು ಸಾಲೂ ಓದ್ಕೊಂಡು ಬಂದಿದ್ದೀನಿ. ಬರೀ ಕಸ. ನಿನ್ನ ಗೈಡ್ ಇದನ್ನ ಓದದೇನೇ ಕಳಿಸಿದ್ರಾ? ನಾನಂತೂ ಸಹಿ ಹಾಕಲ್ಲ."

ತುಳಸಿ ಎದ್ದು, ಮೇಜಿನ ಮೇಲಿದ್ದ ಫ್ಲಾಸ್ಕ್ ಎತ್ತಿಕೊಂಡು, ತಲೆಬಾಗಿ ಕೇಳಿದಳು.

"ಸರ್, ಇನ್ನೊಂದು ಕಪ್ ಟೀ ಕೊಡಲಾ?"

"ಹಾಂ, ಕೊಡು, ಕೊಡು. ಈಗ ದಾರಿಗೆ ಬಂದೆ ನೋಡು," ಎಂದು ಅವರು ಕುರ್ಚಿಗೆ ಆರಾಮಾಗಿ ಒರಗಿದರು.

ಅಧ್ಯಕ್ಷೆ ಪ್ರಬಂಧದ ಮೊದಲ ಪುಟ ತೆರೆದು, ಅವರಿಗೆ ಕೇಳಿಸುವಂತೆ ಓದಿದರು: "ಕ್ಯೋಟೋದ ಹಳೆಯ ಮನೆಗಳಲ್ಲಿ ಇನ್ನೊಂದು ಕಪ್ ಟೀ ಬೇಕೇ ಎಂದು ಕೇಳಿದರೆ, ಅತಿಥಿ ಇನ್ನು ಎದ್ದು ಹೊರಡಬೇಕು ಎಂದರ್ಥ."