ಬೆರಳಿನ ಗಾಯ

ವಾರ್ಡಿನಲ್ಲಿದ್ದ ಅಜ್ಜಿಯೊಬ್ಬರ ಉಗುರು ಕತ್ತರಿಸುತ್ತಿದ್ದ ನರ್ಸ್, ಉಗುರಿನ ಜೊತೆಗೆ ಚರ್ಮವನ್ನೂ ಕತ್ತರಿಸಿಬಿಟ್ಟಳು. ರಕ್ತ ಬಂತು. ಅವಳು ಸುಮ್ಮನೆ ನೋಡುತ್ತ ಕುಳಿತಳು.

ಅಷ್ಟರಲ್ಲಿ ಹೆಡ್ ನರ್ಸ್ ವಾರ್ಡಿಗೆ ಬಂದರು. ಅಜ್ಜಿ ಥಟ್ಟನೆ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು.

"ಏನಾದ್ರೂ ತೊಂದ್ರೆ ಇದ್ಯಾ ಅಜ್ಜಿ?"

"ಏನೂ ಇಲ್ಲಮ್ಮ."

ಹೆಡ್ ನರ್ಸ್ ಮುಂದಿನ ಹಾಸಿಗೆಯತ್ತ ನಡೆದರು. ನರ್ಸ್ ಹೊದಿಕೆ ಸರಿಸಿ, ಬೆರಳಿಗೆ ಹತ್ತಿ ಒತ್ತಿ ಹಿಡಿದಳು.

"ಯಾಕಜ್ಜಿ ಸುಳ್ಳು ಹೇಳಿದ್ರಿ?"

"ನೀನು ಬೈಸ್ಕೋತೀಯ ಅಂತ. ಇಷ್ಟಕ್ಕೆಲ್ಲ ಯಾರೂ ಸಾಯಲ್ಲ, ಬಿಡು."

ನರ್ಸ್‌ಗೆ ಅಯ್ಯೋ ಅನ್ನಿಸಬೇಕಿತ್ತು. ಏನೂ ಅನ್ನಿಸಲಿಲ್ಲ. ಗಾಯಕ್ಕೆ ಪಟ್ಟಿ ಹಾಕಿ, ನರ್ಸ್ ಎದ್ದು ಹೆಡ್ ನರ್ಸ್ ಬಳಿಗೆ ಹೋದಳು.

"ಅಕ್ಕಾ, ಅಜ್ಜಿ ಬೆರಳು ಕೊಯ್ದುಬಿಟ್ಟೆ. ಬೈಯಿರಿ, ಪರವಾಗಿಲ್ಲ. ಆದ್ರೆ ರಕ್ತ ನೋಡಿದ್ರೂ ನಂಗೆ ಏನೂ ಅನ್ನಿಸ್ಲಿಲ್ಲ."

ಹೆಡ್ ನರ್ಸ್ ಬೈಯಲಿಲ್ಲ. ಕೈಯಲ್ಲಿದ್ದ ಫೈಲು ಮುಚ್ಚಿ, "ಎಷ್ಟು ದಿನದಿಂದ ಹೀಗೆ?" ಎಂದು ಮೆಲ್ಲಗೆ ಕೇಳಿದರು.